ವರನ ಗೆಳೆಯನ ಭಾಷಣ



ಇಂಗ್ಲೆಂಡಿನ ನಿಮ್ಮ ಸಹೋದ್ಯೋಗಿಯು ತನ್ನ ವಿವಾಹದಲ್ಲಿ ‘ಬೆಸ್ಟ್ ಮ್ಯಾನ್’ ಆಗಿ ನಿಲ್ಲುವಂತೆ ನಿಮ್ಮನ್ನು ಕೋರಿರುವುದು ಸ್ನೇಹಕ್ಕೆ ಸಂದ ಗೌರವವೇ ಸರಿ. ಆದರೆ ಆ ಸ್ಥಾನಕ್ಕೆ ಉಂಗುರವನ್ನು ಜೋಪಾನವಾಗಿಡುವ ಹೊಣೆಯೊಡನೆ ಔತಣದ ವೇಳೆ ಭಾಷಣಮಾಡುವ ಹೊಣೆಯೂ ಅಂಟಿಕೊಂಡಿರುವುದರಿಂದ, ನಿಮ್ಮ ಪತ್ರದಲ್ಲಿ ಕಾಣುವ ಅಳುಕು ಅಸಹಜವಲ್ಲ.

ರೂಢಿಯಂತೆ ವಧುವಿನ ತಂದೆ ಮೊದಲು, ವರನು ಅನಂತರ, ನೀವು ಕಟ್ಟಕಡೆಗೆ ಮಾತನಾಡತಕ್ಕದ್ದು. ವರನು ವಧುವಿನ ಸಖಿಯರನ್ನು ಪ್ರಶಂಸಿಸಿ ಮುಗಿಸುವನಾದುದರಿಂದ, ಅವರ ಪರವಾಗಿ ಕೃತಜ್ಞತೆಯನ್ನರ್ಪಿಸಿ ಆರಂಭಿಸುವುದು ಹಳೆಯ ಶಿಷ್ಟಾಚಾರ. ವರನನ್ನು ಕೊಂಚ ಕೆಣಕಬೇಕೆಂಬ ನಿರೀಕ್ಷೆಯೂ ಅಲ್ಲಿ ಉಂಟು. ಬೀಗರನ್ನು ಹಾಡಿನಲ್ಲಿಯೇ ಹಂಗಿಸುವ ನಮ್ಮ ಹೆಂಗಸರನ್ನು ಕೇಳಿ ಬೆಳೆದವರಿಗೆ ಇದೇನೂ ವಿಚಿತ್ರವೆನಿಸದು. ಆದರೆ ವರನ ಪೂರ್ವಪ್ರಣಯಗಳ ಪ್ರಸ್ತಾಪವೂ ಕುಡಿತದ ರಾತ್ರಿಗಳ ವೃತ್ತಾಂತವೂ ವಧುವಿನ ಅಜ್ಜಿಯ ಸಮ್ಮುಖದಲ್ಲಿ ಸರ್ವಥಾ ತ್ಯಾಜ್ಯ. ಅಂತರ್ಜಾಲದಿಂದ ಎತ್ತಿದ ನಗೆಹನಿಗಳೂ ಬೇಡ. ಅವುಗಳನ್ನು ಅಲ್ಲಿಯವರು ಹತ್ತು ಮದುವೆಗಳಲ್ಲಿ ಕೇಳಿ ದಣಿದಿರುತ್ತಾರೆ. ನೀವು ಜ್ವರದಿಂದ ಮಲಗಿದ್ದಾಗ ಆತನು ಉಪ್ಪಿಲ್ಲದ ಸಾರನ್ನು ತಾನೇ ಬೇಯಿಸಿ ತಂದು, ನೀವು ಉಣ್ಣುವವರೆಗೆ ಕದಲದೆ ನಿಂತನೆಂದು ಬರೆದಿದ್ದೀರಲ್ಲ, ಅದೊಂದೇ ಪ್ರಸಂಗ ಸಾಕು. ಹಾಸ್ಯವೂ ಅಂತಃಕರಣವೂ ಅದರಲ್ಲಿಯೇ ಇವೆ.

ಐದು ನಿಮಿಷಕ್ಕೆ ಸುಮಾರು 600 ಇಂಗ್ಲಿಷ್ ಪದಗಳು ಹಿಡಿಸುತ್ತವೆ. ಬರೆದುದನ್ನು ಗಟ್ಟಿಯಾಗಿ ಓದಿ ಪಳಗಿ, ಮುಖ್ಯಾಂಶಗಳನ್ನು ಮಾತ್ರ ಸಣ್ಣ ಚೀಟಿಯಲ್ಲಿ ಇರಿಸಿಕೊಳ್ಳಿ. ಮದ್ಯವನ್ನು ಭಾಷಣದ ಅನಂತರಕ್ಕೆ ಮುಂದೂಡಿ. ಕೊನೆಯಲ್ಲಿ ಎಲ್ಲರನ್ನೂ ಎದ್ದು ನಿಲ್ಲುವಂತೆ ಕೋರಿ, ಕುರ್ಚಿಗಳ ಸದ್ದು ಅಡಗಿದ ಮೇಲೆಯೇ ಬಟ್ಟಲನ್ನೆತ್ತಿ ದಂಪತಿಗಳ ಹೆಸರನ್ನು ಸ್ಪಷ್ಟವಾಗಿ ಉಚ್ಚರಿಸಿ.