ತೋಟದಲ್ಲಿ ಗುಡ್ಡಸೈಕಲ್ ಹಾದಿಗಳ ಪೋಷಣೆ

ಹೋಂಸ್ಟೇ ನಡೆಸುತ್ತಿರುವ ನಮ್ಮ ಸದಸ್ಯರ ತೋಟಗಳಿಗೆ ಕಾರಿನ ಹಿಂದೆ ಗೇರ್ ಸೈಕಲ್ ಕಟ್ಟಿಕೊಂಡು ಬರುವ ಅತಿಥಿಗಳು ಈಚೆಗೆ ಕಾಣಸಿಗುತ್ತಿದ್ದಾರೆ. ದಪ್ಪ ಟಯರಿನ ಈ ಸೈಕಲ್ಲಿಗೆ ಮೌಂಟನ್ ಬೈಕ್ ಎಂದು ಹೆಸರು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಗುಡ್ಡಗಳಲ್ಲಿ ಹಳೆಯ ಸೈಕಲ್ಲುಗಳನ್ನು ಇಳಿಜಾರಿಗೆ ಬಿಟ್ಟು ಆಡುತ್ತಿದ್ದ ಹುಡುಗರಿಂದ ಬೆಳೆದ ಈ ಆಟ 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿಗೂ ಸೇರಿತು. ನಮ್ಮ ರಾಜ್ಯದ ಗದಗಿನಲ್ಲಿ 2021ರಲ್ಲಿ ರಾಷ್ಟ್ರೀಯ ಸ್ಪರ್ಧೆಯೇ ನಡೆಯಿತು. ಆದುದರಿಂದ ಇದು ಎರಡು ದಿನದ ಹುಚ್ಚು ಎಂದು ತಳ್ಳಿಹಾಕುವಂತಿಲ್ಲ. ತೋಟದ ಹಾದಿಯನ್ನು ಇದಕ್ಕೆ ಬಿಟ್ಟುಕೊಡುವ ಬೆಳೆಗಾರರು ತಿಳಿದಿರಬೇಕಾದ ಕೆಲವು ವಿಷಯಗಳನ್ನು, ನನಗೆ ತಡವಾಗಿ ತಿಳಿದ ಕ್ರಮದಲ್ಲಿಯೇ, ಇಲ್ಲಿ ಬರೆದಿದ್ದೇನೆ.

ನಮ್ಮ ತೋಟದಲ್ಲಿ ಕಣದ ಹಿಂದೆ ಹಾದಿ ಎರಡಾಗಿ ಕವಲೊಡೆಯುತ್ತದೆ. ಒಂದು, ಜೀಪು ಓಡಾಡುವಷ್ಟು ಅಗಲವಾದದ್ದು, ಸುತ್ತಿ ಹೊಳೆಯ ಕಡೆಗೆ ಹೋಗುತ್ತದೆ. ಇನ್ನೊಂದು ನೇರ ಕೆಳಕ್ಕೆ ಅಡಿಕೆ ತೋಟಕ್ಕೆ ಇಳಿಯುವ ಕಾಲುದಾರಿ. ಕಳೆದ ಕುಯ್ಲಿನಲ್ಲಿ ಒಬ್ಬ ಅತಿಥಿಯ ಮಗ, ಹದಿನಾಲ್ಕರ ಹುಡುಗ, ಯಾವುದೆಂದು ತಿಳಿಯದೆ ಕಾಲುದಾರಿಗೆ ಸೈಕಲ್ ಇಳಿಸಿದ. ತಿರುವಿನಲ್ಲಿ ಹಣ್ಣಿನ ಚೀಲ ಹೊತ್ತು ಮೇಲೆ ಬರುತ್ತಿದ್ದ ಹೆಣ್ಣಾಳಿಗೆ ಗುದ್ದಿದ. ಹುಡುಗನಿಗೆ ತರಚು ಗಾಯ. ಆಕೆಗೆ ಮುಂಗೈ ಮೂಳೆ ಮುರಿಯಿತು. ಕುಯ್ಲಿಗೆಂದು ಮನೆಮಠ ಬಿಟ್ಟು ಬಂದವಳಿಗೆ ಬಲಗೈಯೇ ಹೋದರೆ ಆ ವರ್ಷದ ಗತಿ ಏನು? ಔಷಧಿಯ ಖರ್ಚನ್ನೂ ಉಳಿದ ದಿನಗಳ ಕೂಲಿಯನ್ನೂ ಕೊಟ್ಟು, ಆಕೆಯನ್ನು ಊರಿಗೆ ಮುಟ್ಟಿಸಲು ನಾನೇ ಹೋದೆ.

ಆಕೆಯ ಊರು ಶಹಾಪುರದ ಕಡೆಯ ಶಿರವಾಳ, ಹಳೆಯ ಕಲ್ಲುಗುಡಿಗಳಿರುವ ಊರು. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬಂಡೆಗುಡ್ಡವನ್ನು ನಮ್ಮ ಓದುಗರಲ್ಲಿ ಕೆಲವರು ನೋಡಿರಬಹುದು. ಕಾಫಿ ಅಡಿಕೆಗಳ ಸುಳಿವಿಲ್ಲದ, ಹತ್ತಿ ತೊಗರಿಯ ಸೀಮೆ. ನಾನು ಹೋದ ಹಿಂದಿನ ರಾತ್ರಿ ಅಕಾಲದ ಮಳೆಯಾಗಿತ್ತು. ಹೊಲದ ಹಾದಿಗೆ ಯಾರೂ ಬಂಡಿ ಕಟ್ಟಿರಲಿಲ್ಲ. ಹುಡುಗರು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ದಾಟುತ್ತಿದ್ದರು. ಯಾಕೆಂದು ಆಕೆಯ ಮಾವನನ್ನು ಕೇಳಿದೆ. “ಯರಿ ಮಣ್ಣದ್ರಿ ಇದು. ಹಸಿ ಇದ್ದಾಗ ಒಮ್ಮಿ ಬಂಡಿ ಹೊಡದ್ರ ಆ ಗಾಲಿ ಕೊರದದ್ದು ಮುಂದಿನ ಮಳಿಗಾಲದ ತನಕ ಹೋಗಂಗಿಲ್ರಿ ಸಾಹುಕಾರ್ರ. ಎರಡು ದಿನ ತಡಕೊಂಡ್ರ ಹಾದಿ ಉಳಿತದ,” ಎಂದ. ಸೊಸೆಯ ಕೈಯ ಮಾತು ಬಂದಾಗ ನಾನು ಹುಡುಗನನ್ನು ಬೈಯಲು ಹೊರಟೆ. ಮುದುಕ ತಡೆದ: “ಆ ಹುಡುಗಂದೇನು ತಪ್ಪದ್ರಿ? ಮುಂದಿನ ಹಾದಿ ಎಂಥಾದ್ದಂತ ಅವಂಗ ಯಾರು ಹೇಳ್ಯಾರ?”

ಹಾದಿ ಪೋಷಣೆಯ ಎರಡು ಮುಖ್ಯ ಪಾಠಗಳು ಈ ಎರಡು ಮಾತಿನಲ್ಲೇ ಇವೆ ಎಂಬುದು ನನಗೆ ಹಿಂದಿರುಗಿದ ಮೇಲೆ ಓದಿದಾಗ ತಿಳಿಯಿತು.

ಮೊದಲನೆಯದು ನೀರಿನ ವಿಚಾರ. ಸೈಕಲ್ ಗಾಲಿಗಿಂತ ಹೆಚ್ಚಾಗಿ ಹಾದಿಯನ್ನು ಕೆಡಿಸುವುದು ಹಾದಿಯ ಮೇಲೆಯೇ ಹರಿಯುವ ನೀರು. ಗುಡ್ಡದ ಇಳಿಜಾರಿಗೆ ನೇರವಾಗಿ ಬಿದ್ದ ಹಾದಿ ಎರಡು ಮಳೆಗಾಲಕ್ಕೆ ಹಳ್ಳವಾಗುತ್ತದೆ. ಹಾದಿಯ ಏರು, ಅದು ಹಾಯುವ ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಾಗಬಾರದೆಂಬುದು ಹಾದಿ ಕಟ್ಟುವವರ ನಿಯಮ. ಗುಡ್ಡ ನೂರು ಅಡಿಗೆ 20 ಅಡಿ ಇಳಿದರೆ ಹಾದಿ 10 ಅಡಿಗಿಂತ ಹೆಚ್ಚು ಇಳಿಯಕೂಡದು. ಸಮಪಾತಳಿ ಗುರುತಿಸಲು ನಾವು ಬಳಸುವ ‘ಎ’ ಆಕಾರದ ಮಟ್ಟಗೋಲು ಇದಕ್ಕೂ ಸಾಕು. ಹಾದಿಯ ಮೈ ಹೊರ ಅಂಚಿಗೆ ಸ್ವಲ್ಪ ವಾಲಿರಬೇಕು. ಮೂರಡಿ ಅಗಲಕ್ಕೆ ಸುಮಾರು ಎರಡು ಅಂಗುಲ. ಇಳಿಯುವ ಹಾದಿ ನಡುನಡುವೆ ಒಂದಿಷ್ಟು ಏರಿ ಮತ್ತೆ ಇಳಿಯುವಂತಿದ್ದರೆ ಆ ತಗ್ಗಿನಲ್ಲಿ ನೀರು ತಾನಾಗಿ ಹೊರಬೀಳುತ್ತದೆ. ನಮ್ಮಂಥ ಮಳೆಯ ಸೀಮೆಯಲ್ಲಿ 40–50 ಅಡಿಗೊಂದು ಇಂಥ ತಗ್ಗು ಇದ್ದರೆ ಒಳ್ಳೆಯದು. ಓಡಾಟದಿಂದ ಹೊರ ಅಂಚಿನಲ್ಲಿ ಮಣ್ಣಿನ ಸಣ್ಣ ದಿಬ್ಬ ಎದ್ದು ನೀರನ್ನು ಒಳಗೇ ಕಟ್ಟಿಹಾಕುತ್ತದೆ. ವರ್ಷಕ್ಕೊಮ್ಮೆ ಗುದ್ದಲಿಯಿಂದ ಅದನ್ನು ಕೆರೆದುಹಾಕುವುದೇ ಪೋಷಣೆಯ ಅರ್ಧ ಕೆಲಸ.

ರಾಡಿಯಾದ ಕಡೆ ಸವಾರರು ಪಕ್ಕಕ್ಕೆ ಸರಿದು ಹೋಗುತ್ತಾರೆ, ಹಾದಿ ಅಗಲವಾಗುತ್ತ ಕಾಫಿ ಬೇರಿನ ಮೇಲೆ ಬರುತ್ತದೆ. ಆಗ ಜಲ್ಲಿ ಸುರಿದು ಪ್ರಯೋಜನವಿಲ್ಲ. ಆ ನೀರು ಎಲ್ಲಿಂದ ಬಂತೆಂದು ಮೇಲಕ್ಕೆ ಹತ್ತಿ ನೋಡಬೇಕು. ಮಳೆಗಾಲದಲ್ಲಂತೂ ಹಾದಿಗೆ ಸೈಕಲ್ ಬಿಡಲೇಬಾರದು. ನಮ್ಮ ಕೆಂಪು ಮಣ್ಣು ಯರಿ ಮಣ್ಣಿನಂತೆ ಗಾಲಿಗೆ ಅಂಟುವುದಿಲ್ಲ ನಿಜ. ಆದರೆ ಗಾಲಿ ಕೊರೆದ ಗೀರಿನಲ್ಲೇ ಮರುದಿನದ ನೀರು ಹರಿಯುತ್ತದೆ.

ಎರಡನೆಯದು ಸವಾರರ ದರ್ಜೆ. ಇಲ್ಲಿ ಹಲವರು ಮಾಡುವ ತಪ್ಪನ್ನೇ ನಾನೂ ಮಾಡಿದೆ. ಅಪಘಾತವಾದ ಮರುದಿನವೇ ಕಾಲುದಾರಿಯ ಕಲ್ಲುಬೇರುಗಳನ್ನೆಲ್ಲ ಪಿಕಾಸಿಯಿಂದ ಕೀಳಿಸಿ ನುಣುಪು ಮಾಡಿಸಿದೆ. ಫಲವೇನೆಂದರೆ ಸೈಕಲ್ಲುಗಳು ಮೊದಲಿಗಿಂತ ವೇಗವಾಗಿ ಇಳಿದವು, ಪಳಗಿದ ಸವಾರರು ಬೇಸರಪಟ್ಟರು, ಮಣ್ಣು ಕೊಚ್ಚಿಹೋಯಿತು. ಕಡಿದಾದ ಹಾದಿಯಲ್ಲಿ ಕಲ್ಲು ಸವಾರನ ವೇಗಕ್ಕೆ ಲಗಾಮು, ಮಣ್ಣಿಗೆ ಕಟ್ಟೆ. ಅದನ್ನು ಅಲ್ಲೇ ಬಿಟ್ಟು, ಮುಂದೆ ಏನಿದೆ ಎಂಬುದನ್ನು ಹಾದಿಯ ಬಾಯಿಯಲ್ಲೇ ತಿಳಿಸಬೇಕು.

ಕಾಫಿಗೆ ಪ್ಲಾಂಟೇಷನ್ ಎ, ಬಿ, ಪಿ.ಬಿ. ಎಂಬ ದರ್ಜೆಗಳಿರುವಂತೆ ಹಾದಿಗೂ ದರ್ಜೆಗಳಿವೆ. 1988ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಮೌಂಟನ್ ಬೈಸಿಕಲ್ ಸಂಘದ ಪದ್ಧತಿಯಂತೆ ಹಸಿರು ವೃತ್ತದ ಗುರುತು ಸುಲಭದ ಹಾದಿಗೆ: ಅಗಲ ಮೂರಡಿಯಾದರೂ ಇರಬೇಕು, ಸರಾಸರಿ ಏರು ನೂರಕ್ಕೆ 5ರೊಳಗೆ, ತಪ್ಪಿಸಲಾಗದ ಕಲ್ಲುಬೇರು ಎರಡು ಅಂಗುಲಕ್ಕಿಂತ ಎತ್ತರ ಇರಬಾರದು. ನೀಲಿ ಚೌಕ ನಡುವಿನದು: ಎರಡಡಿ ಅಗಲ, ಏರು 10ರೊಳಗೆ, ಎಂಟು ಅಂಗುಲದವರೆಗಿನ ಅಡ್ಡಿ. ಕಪ್ಪು ವಜ್ರಾಕೃತಿ ಪಳಗಿದವರಿಗೆ ಮಾತ್ರ. ಒಂದಡಿ ಅಗಲ, 15ರವರೆಗೆ ಏರು, ಹದಿನೈದು ಅಂಗುಲದ ಕಲ್ಲು. ತಗಡಿನ ಮೇಲೆ ಬಣ್ಣ ಬಳಿದು ಕವಲಿನಲ್ಲಿ ನೆಟ್ಟರೆ ಖರ್ಚು ಹೆಚ್ಚಿಲ್ಲ.

ಆದರೆ ಹುಡುಗರು ಫಲಕ ಓದುವರೆಂಬ ನಂಬಿಕೆ ನನಗಿಲ್ಲ. ಇದಕ್ಕೆ ಅನುಭವಿಗಳು ಮಾಡುವ ಉಪಾಯ ಚೆನ್ನಾಗಿದೆ. ಹಾದಿಯ ಒಳಗೆ ಎಷ್ಟು ಕಷ್ಟದ ಕಲ್ಲು ಇದೆಯೋ ಅಷ್ಟೇ ಕಷ್ಟದ ಒಂದು ಕಲ್ಲನ್ನು ಪ್ರವೇಶದಲ್ಲೇ, ಸಮನೆಲದಲ್ಲಿ, ಎಲ್ಲರಿಗೂ ಕಾಣುವಂತೆ ಹೂಳಬೇಕು. ಅದನ್ನು ದಾಟಲಾಗದವನು ಅಲ್ಲೇ ಇಳಿದು ಸುಲಭದ ಹಾದಿ ಹಿಡಿಯುತ್ತಾನೆ. ಬಿದ್ದರೂ ಮೊಣಕಾಲು ತರಚೀತು, ಅಷ್ಟೆ. ನೀಲಿ ಹಾದಿಯ ನಡುವೆ ಒಂದೆರಡು ದೊಡ್ಡ ಕಲ್ಲಿದ್ದರೆ ಪಕ್ಕದಲ್ಲೊಂದು ಸುತ್ತುದಾರಿ ಇಡಬೇಕು. ಇಲ್ಲವಾದರೆ ಅದನ್ನು ಸವಾರರೇ ನಿಮ್ಮ ಗಿಡಗಳ ನಡುವೆ ಮಾಡಿಕೊಳ್ಳುತ್ತಾರೆ.

ಆಳುಗಳು ಹೊರೆ ಹೊತ್ತು ನಡೆಯುವ ಹಾದಿಗೆ ಕುಯ್ಲಿನ ದಿನಗಳಲ್ಲಿ ಯಾವ ದರ್ಜೆಯ ಸವಾರನನ್ನೂ ಬಿಡಬಾರದು. ಔಷಧಿ ಹೊಡೆಯುವ ದಿನವೂ ಹಾಗೆಯೇ. ಅಡ್ಡ ತಂತಿ ಕಟ್ಟಿ ತಡೆಯುವುದು ಪ್ರಾಣಕ್ಕೇ ಅಪಾಯ. ದೂರದಿಂದ ಕಾಣುವ ಬಿದಿರಿನ ಗಳ ಅಡ್ಡ ಇಡಿ. ತಿರುವುಗಳಲ್ಲಿ ಪೊದೆ ಸವರಿ ಹತ್ತು ಮಾರು ಮುಂದಕ್ಕೆ ಕಾಣುವಂತಿರಲಿ. ಅಡಿಕೆ ತೋಟದೊಳಗಿನ ಹಾದಿಯಲ್ಲಿ ಬಿದ್ದ ಹಾಳೆಗಳನ್ನು ದಿನವೂ ತೆಗೆಯಬೇಕು. ಚಿಕ್ಕಂದಿನಲ್ಲಿ ಹಾಳೆಯ ಮೇಲೆ ಕೂತು ಜಾರಿದವರಿಗೆ ಕಾರಣ ಹೇಳಬೇಕಿಲ್ಲ.

ದುರಸ್ತಿಗೆ ಸರಿಯಾದ ಕಾಲ ಮಳೆ ಹಿಂದೆಗೆದ ಅಕ್ಟೋಬರ್. ಮಣ್ಣಿನಲ್ಲಿ ಹಸಿ ಇರುವಾಗ ದಮ್ಮಸು ಕೂರುತ್ತದೆ. ಫೆಬ್ರವರಿಯ ಪುಡಿಮಣ್ಣು ಎಷ್ಟು ಬಡಿದರೂ ನಿಲ್ಲದು. ಮೇ ತಿಂಗಳಲ್ಲಿ ಮತ್ತೊಮ್ಮೆ ಚರಂಡಿ ಬಾಯಿಗಳನ್ನು ಬಿಡಿಸಿದರೆ ಸಾಕು. ನಮ್ಮಲ್ಲಿ ಕವಲಿನ ಕಲ್ಲನ್ನು ಈ ಅಕ್ಟೋಬರಿನಲ್ಲಿ ಹೂಳಿಸಿದ್ದೇವೆ. ಶಿರವಾಳದ ತಂಡ ಕುಯ್ಲಿಗೆ ಬಂದಿದೆ. ಆಕೆಯೂ ಬಂದಿದ್ದಾಳೆ, ಸದ್ಯ ಹೊರೆ ಹೊರಿಸದೆ ಕಣದ ಕೆಲಸಕ್ಕೆ ಹಾಕಿದ್ದೇವೆ.