ದಂಡು ಬಂದ ನಾಡು

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಿವೆ. ಕಲ್ಲುಬೆಟ್ಟಗಳು, ಮಳೆಯನ್ನೇ ನಂಬಿದ ಹೊಲಗಳು, ಅಲ್ಲಲ್ಲಿ ಕೆರೆಗಳು ಈ ಸೀಮೆಯ ಲಕ್ಷಣ. ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ, ಪಾವಗಡದ ಬೆಟ್ಟ, ಅದೇ ತಾಲ್ಲೂಕಿನ ನಿಡಗಲ್ಲು, ಶಿರಾದ ಬಯಲುಕೋಟೆ, ಹೀಗೆ ಎತ್ತ ನೋಡಿದರೂ ಕೋಟೆಗಳು ಕಾಣುತ್ತವೆ. ಇಷ್ಟು ಕೋಟೆಗಳಿರುವ ಸೀಮೆ ಅಷ್ಟೇ ದಂಡುಗಳನ್ನು ಕಂಡ ಸೀಮೆಯೂ ಹೌದು.

ಒಂದು ನಾಡಿನ ಸೈನ್ಯ ಮತ್ತೊಂದು ನಾಡನ್ನು ಹೊಗುವಾಗ ಆಯುಧದೊಡನೆ ಒಂದು ಕಾರಣವನ್ನೂ ಹೊತ್ತು ತರುತ್ತದೆ. ದುಷ್ಟನನ್ನು ಶಿಕ್ಷಿಸುವುದು, ಸೆರೆಯಾದವರನ್ನು ಬಿಡಿಸುವುದು, ರಾಜ್ಯ ಕಳೆದುಕೊಂಡವರಿಗೆ ನ್ಯಾಯ ದೊರಕಿಸುವುದು ಇವೇ ಆ ಕಾರಣಗಳು. ಆದರೆ ದಂಡು ಬಂದುದರಿಂದ ಅಲ್ಲಿನ ಜನರಿಗೆ ನಿಜವಾಗಿ ಒಳಿತಾಯಿತೆ? ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಈ ನಾಲ್ಕು ತಾಲ್ಲೂಕುಗಳ ಇತಿಹಾಸವೇ ಸಾಕಷ್ಟನ್ನು ಹೇಳುತ್ತದೆ.

1638ರ ಸುಮಾರಿಗೆ ಬಿಜಾಪುರದ ಸೇನಾಪತಿ ರಣದುಲ್ಲಾಖಾನನು ಶಿರಾವನ್ನು ಹಿಡಿದನು. 1686ರಲ್ಲಿ ಬಿಜಾಪುರವು ಮೊಗಲರ ವಶವಾಯಿತು. ಮರುವರ್ಷ ಶಿರಾ ಏಳು ಪರಗಣೆಗಳ ಸುಬಾಕ್ಕೆ ರಾಜಧಾನಿಯಾಯಿತು. ಮುಂದೆ ದಿಲಾವರಖಾನನ ಕಾಲದಲ್ಲಿ ಪಟ್ಟಣವು ಬಹಳ ಏಳಿಗೆ ಹೊಂದಿತು. ಆತನು ಕಟ್ಟಿಸಿದ ಅರಮನೆಯೇ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆಂದು ಮೈಸೂರು ಗೆಜೆಟಿಯರು ಹೇಳುತ್ತದೆ. ಹಾಗಾದರೆ ದಂಡೆತ್ತಿ ಬಂದವರಿಂದ ಒಳಿತಾಯಿತೆನ್ನಬಹುದಲ್ಲವೆ? ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತೋಟಗಳು ಬೆಳೆದುದು, ಮಗ್ಗಗಳು ಆಡಿದುದು, ಮಸೀದಿ ಅರಮನೆಗಳು ಎದ್ದುದು ದಂಡು ನಡೆದ ವರ್ಷಗಳಲ್ಲಿ ಅಲ್ಲ. ಅದು ನಿಂತ ಮೇಲೆ ದೊರೆತ ನೆಮ್ಮದಿಯ ವರ್ಷಗಳಲ್ಲಿ. ಆ ಫಲವನ್ನು ಕೊಟ್ಟದ್ದು ಶಾಂತಿಯೇ ಹೊರತು ಕತ್ತಿಯಲ್ಲ.

ನೆಮ್ಮದಿ ಬಹುಕಾಲ ಉಳಿಯಲಿಲ್ಲ. 1757ರಲ್ಲಿ ಶಿರಾ ಮರಾಠರ ಕೈಸೇರಿತು. 1761ರಲ್ಲಿ ನಿಜಾಮನ ಸೋದರ ಬಸಾಲತ್ ಜಂಗನು ದಂಡಿನೊಡನೆ ಬಂದು, ಮೂರು ಲಕ್ಷ ರೂಪಾಯಿ ಕಾಣಿಕೆ ಪಡೆದು, ಹೈದರ್ ಅಲಿಗೆ ಶಿರಾದ ನವಾಬನೆಂಬ ಪದವಿಯನ್ನು ದಯಪಾಲಿಸಿದನು. ಆಗ ಶಿರಾ ಕೊಟ್ಟವನ ಕೈಯಲ್ಲಿಯೂ ಇರಲಿಲ್ಲ, ಪಡೆದವನ ಕೈಯಲ್ಲಿಯೂ ಇರಲಿಲ್ಲ! ಸಂತೆಯಲ್ಲಿ ದನವನ್ನು ಮಾರುವವನೂ ಅದನ್ನು ಕೊಳ್ಳುವವನ ಕಣ್ಣಿಗೆ ತೋರಿಸುತ್ತಾನೆ. ಇಲ್ಲಿ ಒಂದು ನಾಡು ಕಣ್ಣಿಗೂ ಬೀಳದೆ ಬೆಲೆಗೆ ಹೋಯಿತು. ಆ ನಾಡಿನ ಜನರನ್ನು ಯಾರೂ ಕೇಳಲಿಲ್ಲ.

ಸೆರೆ ಬಿಡಿಸಲು ಬಂದ ದಂಡಿನ ಕಥೆಯೂ ಇಲ್ಲಿದೆ. ಹೈದರನು 1763ರಲ್ಲಿ ಬಿದನೂರನ್ನು ಗೆದ್ದು, ಅಲ್ಲಿನ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರನನ್ನೂ ಮಧುಗಿರಿ ಕೋಟೆಯಲ್ಲಿ ಇರಿಸಿದ್ದನು. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯವು ಮಧುಗಿರಿಯನ್ನು ಹಿಡಿದು ಅವರನ್ನು ಬಿಡುಗಡೆ ಮಾಡಿತು. ಅದು ಒಳ್ಳೆಯ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ರಾಣಿಗೆ ಬಿದನೂರು ಮರಳಿ ದೊರೆಯಲಿಲ್ಲ. ಪುಣೆಯ ದಾರಿಯಲ್ಲಿಯೇ ಆಕೆ ತೀರಿಕೊಂಡಳು. ಪೇಶ್ವೆಯು ಹೈದರನಿಂದ ಹಣ ಪಡೆದು ಒಪ್ಪಂದ ಮಾಡಿಕೊಂಡು ಹಿಂದಿರುಗಿದನು. ಆ ಹಣವಾದರೂ ಕೊನೆಗೆ ರೈತನ ಕಂದಾಯದಿಂದಲೇ ಬರಬೇಕಾಗಿದ್ದಿತು.

ಆ ಕಾಲದ ಸೈನ್ಯಗಳು ನಡೆದ ನೆಲದ ಮೇಲೆಯೇ ಬದುಕುತ್ತಿದ್ದವು. ಸಾವಿರಾರು ಕುದುರೆಗಳಿಗೆ, ಎತ್ತುಗಳಿಗೆ ಮೇವು ಬೇಕು. ಮೇವೆಂದರೆ ರೈತನ ಹೊಲದ ಪೈರು. ದಂಡಿನ ಸುದ್ದಿ ಬಂದರೆ ಜನರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ಮುಚ್ಚಿಟ್ಟು, ದನಕರುಗಳನ್ನು ಹೊಡೆದುಕೊಂಡು ಬೆಟ್ಟಗಳಿಗೆ ಹೋಗಬೇಕಾಗುತ್ತಿತ್ತು. ಶತ್ರುವಿಗೆ ಸಿಕ್ಕಬಾರದೆಂದು ಮೇವನ್ನೂ ಧಾನ್ಯವನ್ನೂ ಸುಡುವುದು ಸ್ವಂತ ದೊರೆಯ ಸೈನ್ಯದ ಪದ್ಧತಿಯಾಗಿತ್ತು. ಹೀಗೆ ಎರಡು ಕಡೆಯಿಂದಲೂ ನಷ್ಟ ರೈತನದೇ. ಟಿಪ್ಪುವಿನ ಮೇಲೆ ಇಂಗ್ಲಿಷರು, ಮರಾಠರು, ನಿಜಾಮ ಒಂದಾಗಿ ನಡೆಸಿದ ಯುದ್ಧದಲ್ಲಿ, 1791ರಲ್ಲಿ, ಮರಾಠರ ಕಡೆಯ ಬಲವಂತರಾಯನು ಮಧುಗಿರಿಗೆ ಮುತ್ತಿಗೆ ಹಾಕಿದನು. ಅವನ ಗುಂಪಿನಲ್ಲಿ ರಾಜ್ಯ ಕಳೆದುಕೊಂಡ ಪಾಳೆಯಗಾರರ ಕಡೆಯವರು ಬಹುಮಂದಿ ಇದ್ದರು. ತಿಂಗಳುಗಟ್ಟಲೆ ಮುತ್ತಿದರೂ ಕೋಟೆ ವಶವಾಗಲಿಲ್ಲ. ಕೋಟೆಯೊಳಗಿದ್ದ ಸೈನಿಕನಿಗೆ ಕಲ್ಲಿನ ಗೋಡೆಯ ಆಸರೆಯಿತ್ತು. ಹೊರಗಿದ್ದ ಒಕ್ಕಲಿಗನಿಗೆ ಯಾವ ಆಸರೆಯಿತ್ತು?

ಹೊರಗಿನವರೆಲ್ಲ ಕೆಟ್ಟವರು, ಒಳಗಿನವರೆಲ್ಲ ಒಳ್ಳೆಯವರು ಎಂದು ಇದರ ಅರ್ಥವಲ್ಲ. ಟಿಪ್ಪು ತನ್ನ ಹೊಸ ಪೇಟೆಯಾದ ಗಂಜಾಮನ್ನು ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ಕರೆದೊಯ್ದನೆಂದು ಗೆಜೆಟಿಯರಿನಲ್ಲಿ ದಾಖಲಾಗಿದೆ. ಜನರ ಒಪ್ಪಿಗೆಯನ್ನು ಕೇಳದ ಅಧಿಕಾರ ಯಾರದಾದರೂ ಭಾರವೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಹಳೆಯ ರಾಜವಂಶದ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದಲ್ಲಿ ಕೂರಿಸಿದರು. ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಕೆರೆಗಳು ದುರಸ್ತಿಯಾದವು, ಕಾಲುವೆ ರಸ್ತೆಗಳ ಕೆಲಸ ನಡೆಯಿತು. ಇದು ನಿಜವಾದ ಉಪಕಾರ. ಆದರೆ ಅದಕ್ಕೊಂದು ಬೆಲೆಯಿತ್ತು. ಮೈಸೂರು ಪ್ರತಿವರ್ಷ 7 ಲಕ್ಷ ವರಹ, ಎಂದರೆ 24.5 ಲಕ್ಷ ರೂಪಾಯಿ, ಕಂಪೆನಿಗೆ ಸಲ್ಲಿಸಬೇಕಾಯಿತು. 1831ರಲ್ಲಿ ಆಡಳಿತವನ್ನೇ ಇಂಗ್ಲಿಷರು ತೆಗೆದುಕೊಂಡರು. ಅದು ರಾಜವಂಶಕ್ಕೆ ಮರಳಲು 1881ರವರೆಗೆ ಕಾಯಬೇಕಾಯಿತು. ನೆರವಿಗೆಂದು ಬಂದವನು ಮನೆಯ ಬೀಗದ ಕೈಯನ್ನೂ ತನ್ನ ಬಳಿಯೇ ಇಟ್ಟುಕೊಂಡಂತಾಯಿತು.

ಈ ಪ್ರಶ್ನೆ ಹಳೆಯ ಕಾಲಕ್ಕೆ ಮಾತ್ರ ಸೇರಿದುದಲ್ಲ. 2003ರಲ್ಲಿ ಅಮೆರಿಕ ಮತ್ತು ಅದರ ಮಿತ್ರರು ಸಾಮೂಹಿಕ ವಿನಾಶದ ಅಸ್ತ್ರಗಳಿವೆಯೆಂದು ಹೇಳಿ ಇರಾಕಿನ ಮೇಲೆ ದಂಡೆತ್ತಿದರು. ನಿರಂಕುಶ ಆಡಳಿತವೊಂದು ಕೊನೆಗೊಂಡಿತು. ಆದರೆ ಆ ಅಸ್ತ್ರಗಳು ಸಿಗಲಿಲ್ಲ, ಮುಂದಿನ ವರ್ಷಗಳಲ್ಲಿ ಲಕ್ಷಕ್ಕೂ ಮಿಕ್ಕಿ ನಾಗರಿಕರು ಸತ್ತರು. ಇದಕ್ಕೆ ವ್ಯತಿರಿಕ್ತವಾದ ನಿದರ್ಶನ 1971ರದು. ಪೂರ್ವ ಪಾಕಿಸ್ತಾನದ ಜನರು ಚುನಾವಣೆಯಲ್ಲಿ ತಮ್ಮ ಮತವನ್ನು ಸ್ಪಷ್ಟವಾಗಿ ತಿಳಿಸಿದ್ದರು. ದಮನ ಮೊದಲಾದಾಗ ತಾವೇ ಹೋರಾಟಕ್ಕಿಳಿದಿದ್ದರು. ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದಿದ್ದರು. ಭಾರತಕ್ಕೂ ತನ್ನ ಹಿತದ ಲೆಕ್ಕವಿರಲಿಲ್ಲವೆಂದಲ್ಲ. ಆದರೂ ಡಿಸೆಂಬರಿನಲ್ಲಿ ಯುದ್ಧ ಮುಗಿಯಿತು, 1972ರ ಮಾರ್ಚಿಯಲ್ಲಿ ಭಾರತೀಯ ಸೈನ್ಯ ಹಿಂದಿರುಗಿತು, ಬಾಂಗ್ಲಾದೇಶ ಅದರ ಜನರ ಕೈಯಲ್ಲಿ ಉಳಿಯಿತು.

ಆದುದರಿಂದ ಪರನಾಡಿಗೆ ದಂಡು ಹೋದಾಗ ಸೇನಾಪತಿಯ ಘೋಷಣೆಯನ್ನು ಮಾತ್ರ ಓದಿ ತೀರ್ಮಾನಿಸಲಾಗದು. ಆ ಜನರು ಅದನ್ನು ಬಯಸಿದ್ದರೆ? ಅದರ ವೆಚ್ಚವನ್ನು ತೆತ್ತವರು ಯಾರು? ಕೆಲಸ ಮುಗಿದೊಡನೆ ದಂಡು ಹಿಂದಿರುಗಿತೆ? ಅದು ಹೋದ ಮೇಲೆ ಅಧಿಕಾರ ಯಾರ ಕೈಯಲ್ಲಿ ಉಳಿಯಿತು? ಈ ನಾಲ್ಕು ಪ್ರಶ್ನೆಗಳಿಗೆ ಸಮಾಧಾನಕರವಾದ ಉತ್ತರ ದೊರೆತ ಸಂದರ್ಭಗಳು ಚರಿತ್ರೆಯಲ್ಲಿ ವಿರಳ. ಮಧುಗಿರಿಯ ಬೆಟ್ಟವನ್ನು ಹತ್ತಿದವರಿಗೆ ಮೇಲೆ ಕೋಟೆಯ ಗೋಡೆಗಳು ಕಾಣುತ್ತವೆ, ಕೆಳಗೆ ಹೊಲಗಳು ಕಾಣುತ್ತವೆ. ಗೋಡೆಗಳನ್ನು ಗೆದ್ದವರ ಹೆಸರುಗಳು ಪುಸ್ತಕಗಳಲ್ಲಿವೆ. ಹೊಲಗಳನ್ನು ಕಳೆದುಕೊಂಡವರ ಹೆಸರುಗಳು ಎಲ್ಲಿಯೂ ಇಲ್ಲ. ಚರಿತ್ರೆಯನ್ನು ಓದುವವರು ಅವರ ಪರವಾಗಿಯೂ ಪ್ರಶ್ನೆ ಕೇಳಬೇಕು.

ಅಭ್ಯಾಸ

1. ಶಿರಾದ ಏಳಿಗೆಗೆ ನಿಜವಾದ ಕಾರಣ ಯಾವುದೆಂದು ಪಾಠದಲ್ಲಿ ಹೇಳಲಾಗಿದೆ?
2. ವೀರಮ್ಮಾಜಿಯ ಬಿಡುಗಡೆಯಿಂದ ಆಕೆಗೆ ದೊರೆತುದೇನು, ದೊರೆಯದೆ ಹೋದುದೇನು?
3. 'ಮನೆಯ ಬೀಗದ ಕೈಯನ್ನೂ ತನ್ನ ಬಳಿಯೇ ಇಟ್ಟುಕೊಂಡಂತಾಯಿತು': ಈ ಮಾತಿನ ಸ್ವಾರಸ್ಯವನ್ನು ವಿವರಿಸಿ.
4. ನಿಮ್ಮ ಊರಿನ ಹತ್ತಿರವಿರುವ ಕೋಟೆಯೊಂದರ ಚರಿತ್ರೆಯನ್ನು ತಿಳಿದು, ಅದರಲ್ಲಿ ಜನಸಾಮಾನ್ಯರ ಪಾಲು ಏನಾಗಿತ್ತೆಂದು ಬರೆಯಿರಿ.