ಗೋಕಾಕ ಜಲಪಾತ: ಕಲ್ಲು ಕಲಿಸುವ ಪಾಠ

ಭೂಗೋಳದ ಪಠ್ಯದಲ್ಲಿ ‘ಸವಕಳಿ’ ಎಂಬ ಪದವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಓದುತ್ತಾನೆ. ಅದರ ಅರ್ಥವನ್ನು ಕಣ್ಣಾರೆ ಕಾಣಬಯಸುವವರು ಬೆಳಗಾವಿ ಜಿಲ್ಲೆಯ ಗೋಕಾಕ ಜಲಪಾತಕ್ಕೆ ಹೋಗಬೇಕು.

ಸಹ್ಯಾದ್ರಿಯಲ್ಲಿ ಉಗಮಿಸಿ ಪೂರ್ವಾಭಿಮುಖವಾಗಿ ಹರಿಯುವ ಘಟಪ್ರಭೆಯು ಇಲ್ಲಿ ಸುಮಾರು 52 ಮೀಟರ್, ಅಂದರೆ 170 ಅಡಿ ಕೆಳಕ್ಕೆ ಧುಮುಕುತ್ತದೆ. ಬಂಡೆಯ ಅಂಚು ಕುದುರೆಯ ಲಾಳದಂತೆ ಬಾಗಿದೆ. ಮಳೆಗಾಲದಲ್ಲಿ ಕೆನ್ನೀರು ಆ ಅಂಚನ್ನು ತುಂಬಿ ಭೋರ್ಗರೆಯುವ ದೃಶ್ಯ ಭವ್ಯವಾದುದು. ತೂಗುಸೇತುವೆ ಮತ್ತು ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯ ಇಲ್ಲಿಯ ಇತರ ಪ್ರೇಕ್ಷಣೀಯ ಸ್ಥಳಗಳು.

ಈ ಜಲಪಾತ ಉಂಟಾದ ಬಗೆಯನ್ನು ವಿಚಾರಿಸೋಣ. ನದಿಯು ಮೇಲ್ಭಾಗದಲ್ಲಿ ದಖನ್ನಿನ ಕಪ್ಪು ಲಾವಾ ಶಿಲೆಯ ಪ್ರದೇಶವನ್ನು ದಾಟಿ ಬರುತ್ತದೆ. ಆ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಗೋಕಾಕದ ಮರಳುಗಲ್ಲು ಅದಕ್ಕಿಂತ ಎಷ್ಟೋ ಪಾಲು ಪ್ರಾಚೀನವಾದುದು. ನೆಲದ ಮೇಲೆ ಗಿಡಮರಗಳು ಹುಟ್ಟುವ ಮೊದಲೇ ನೀರಿನಡಿ ಮರಳು ಪದರಪದರವಾಗಿ ನೆಲೆಗೊಂಡು ಗಟ್ಟಿಯಾದ ಶಿಲೆ ಅದು. ಬಾಗಲಕೋಟೆ ಜಿಲ್ಲೆಯ ಕಲಾದಗಿಯ ಹೆಸರಿನಿಂದಲೇ ಈ ಶಿಲಾಶ್ರೇಣಿ ಪ್ರಸಿದ್ಧವಾಗಿದೆ. ಈ ಸೀಮೆಯ ಶಿಲೆಗಳನ್ನು ಕುರಿತ ರಾಬರ್ಟ್ ಬ್ರೂಸ್ ಫೂಟ್ ಅವರ ವರದಿ 1876ರಲ್ಲಿ ಪ್ರಕಟವಾಯಿತು.

ಗಟ್ಟಿಯಾದ ಮರಳುಗಲ್ಲಿನ ಹಾಸುಗಳ ನಡುವೆ ಮೃದುವಾದ ಪದರಗಳೂ ಇವೆ. ಹಾಸುಗಳಲ್ಲಿ ನೇರವಾದ ಬಿರುಕುಗಳಿವೆ. ಬೀಳುವ ನೀರಿನ ಹೊಡೆತಕ್ಕೆ ಮೃದು ಪದರ ಮೊದಲು ಕೊರೆದುಹೋಗುತ್ತದೆ. ಆಸರೆ ತಪ್ಪಿದ ಮೇಲಿನ ಹಾಸು ಬಿರುಕಿನ ಗುಂಟ ಮುರಿದು ಕೆಳಗುರುಳುತ್ತದೆ. ಆದುದರಿಂದ ಗೋಡೆ ಸದಾ ಕಡಿದಾಗಿಯೇ ಉಳಿದು, ಜಲಪಾತವು ಮೆಲ್ಲಮೆಲ್ಲನೆ ನದಿಯ ಮೂಲದ ಕಡೆಗೆ ಹಿಂದೆ ಸರಿಯುತ್ತದೆ. ಕೆಳಗಿನ ಕಂದರವು ಅದು ನಡೆದುಬಂದ ದಾರಿ.

1880ರ ದಶಕದಿಂದ ಇಲ್ಲಿಯ ನೂಲಿನ ಗಿರಣಿ ಜಲಪಾತದ ಶಕ್ತಿಯನ್ನು ದುಡಿಸಿಕೊಂಡಿತು. ಧೂಪದಾಳದ ಒಡ್ಡು, ಹಿಡಕಲ್ಲಿನ ಜಲಾಶಯಗಳು ನೀರನ್ನು ತಡೆದು ಹೊಲಗಳಿಗೆ ಹರಿಸಿದವು. ಬೇಸಿಗೆಯಲ್ಲಿ ಬಂಡೆ ಬರಿದಾಗಿರುತ್ತದೆ. ಆಗ ನೋಡತಕ್ಕದ್ದೇನೂ ಇಲ್ಲವೆಂದು ಪ್ರವಾಸಿಗರು ಹಿಂದಿರುಗುತ್ತಾರೆ. ಶಿಕ್ಷಕರು ಹಾಗೆ ಭಾವಿಸಲಾಗದು. ಮಳೆಗಾಲದ ನೀರು ಮರೆಮಾಡಿದ್ದ ಪದರ, ಬಿರುಕು, ಉರುಳಿದ ಬಂಡೆಗಳೆಲ್ಲವೂ ಆಗಲೇ ಸ್ಪಷ್ಟವಾಗಿ ಕಾಣುತ್ತವೆ. ತುಂಬಿದ ನೀರು ಶಕ್ತಿಯನ್ನು ತೋರಿಸಿದರೆ, ಬರಿದಾದ ಬಂಡೆ ಆ ಶಕ್ತಿ ಮಾಡಿದ ಕೆಲಸವನ್ನು ತೋರಿಸುತ್ತದೆ. ಎರಡನ್ನೂ ಕಂಡಾಗಲೇ ಪಾಠ ಪೂರ್ಣವಾಗುವುದು.

ಆದಕಾರಣ ವರ್ಷಕ್ಕೆ ಎರಡು ಸಲ, ಶ್ರಾವಣದಲ್ಲೊಮ್ಮೆ, ಮಾಘದಲ್ಲೊಮ್ಮೆ, ಮಕ್ಕಳನ್ನು ಇಲ್ಲಿಗೆ ಕರೆತರುವುದು ಉಚಿತ. ಜಾರುವ ಅಂಚಿನಿಂದ ಅವರನ್ನು ದೂರವಿರಿಸಿ, ಕಂಡ ಪದರಗಳ ಚಿತ್ರವನ್ನು ಬರೆಯಿಸಬೇಕು. ಪ್ರವಾಸದ ವೆಚ್ಚ ಭರಿಸಲಾರದ ಮಗುವೂ ಹಿಂದುಳಿಯಬಾರದು. ಅಂಥ ಮಗುವಿನ ಪ್ರಯಾಣಕ್ಕೆ ದಾನಿಗಳು ನೀಡುವ ನೆರವು ಜ್ಞಾನದಾಸೋಹವೇ ಸರಿ. ಬಿಡದೆ ಕಾಯಕ ಮಾಡಿದ ನೀರು ಕಲ್ಲನ್ನು ಕೊರೆದ ಬಗೆಯನ್ನು ನಮ್ಮ ಮಕ್ಕಳು ತಮ್ಮ ಕಣ್ಣಿನಿಂದಲೇ ಕಾಣುವಂತಾಗಲಿ.